ನಾಲ್ಕು ಪೆಟ್ಟಿನ ಆವರ್ತದಲ್ಲಿ ಕನ್ನಡ ಮಾತು: ಬೆಂಗಳೂರಿನ ಸ್ವತಂತ್ರ ರಾಕ್ ಗೀತಗಳ ಪರಿಶೀಲನೆ

ಚಲನಚಿತ್ರದ ಆಶ್ರಯವಿಲ್ಲದೆ, ಧ್ವನಿಮುದ್ರಿಕೆಯ ವ್ಯಾಪಾರಿಗಳ ಅಪ್ಪಣೆಗೆ ಕಾಯದೆ, ತಾವೇ ಹಾಡು ಕಟ್ಟಿ ತಾವೇ ನುಡಿಸಿ ಹಾಡುವ ತರುಣರ ತಂಡಗಳು ಬೆಂಗಳೂರಿನಲ್ಲಿ ಹಲವಾಗಿವೆ. ಗಿಟಾರು, ಮಂದ್ರ ಗಿಟಾರು, ಡ್ರಮ್ಮು ಇವು ಮೂರು ಇವರ ಮುಖ್ಯ ವಾದ್ಯಗಳು. ರಾಕ್, ಪಾಪ್ ಎಂಬ ಪಾಶ್ಚಾತ್ಯ ಪದ್ಧತಿಗಳು ಇವರ ಮೂಲ. ಇಂಥ ಗೀತಗಳನ್ನು ಕುರಿತು ನಮ್ಮ ಪತ್ರಿಕೆಗಳಲ್ಲಿ ಬರುವ ವಿಮರ್ಶೆಗಳು ಬಹುಮಟ್ಟಿಗೆ ವಾದ್ಯಗಳ ಅಬ್ಬರವನ್ನೋ ಗಾಯಕರ ವೇಷಭೂಷಣಗಳನ್ನೋ ಕುರಿತವು. ಹಾಡಿನಲ್ಲಿ ಮಾತು ಹೇಗೆ ಕೂಡುತ್ತದೆ, ಕನ್ನಡದ ಲಘು ಗುರುಗಳು ಈ ಪರದೇಶದ ತಾಳದೊಡನೆ ಯಾವ ಒಪ್ಪಂದಕ್ಕೆ ಬರುತ್ತವೆ ಎಂಬ ಪ್ರಶ್ನೆಯನ್ನು ಸಾಹಿತ್ಯದ ವಿದ್ಯಾರ್ಥಿಗಳಾದ ನಾವಾದರೂ ಕೇಳಬೇಕಾಗಿದೆ. ಸಂಗೀತಶಾಸ್ತ್ರದ ಗಹನವಾದ ವಿಚಾರಗಳನ್ನು ಬಲ್ಲವರಿಗೆ ಬಿಟ್ಟು, ಛಂದಸ್ಸಿನ ದೃಷ್ಟಿಯಿಂದ ಈ ವಿಷಯವನ್ನು ಇಲ್ಲಿ ಪರಿಶೀಲಿಸಲಾಗಿದೆ.

ಮೊದಲು ಸ್ಥಳವನ್ನು ಕುರಿತು ಎರಡು ಮಾತು ಅವಶ್ಯ. ಹಲಸೂರು, ಇಂದಿರಾನಗರ, ಬೈಯಪ್ಪನಹಳ್ಳಿ, ಕೃಷ್ಣರಾಜಪುರ ಎಂದು ಹಬ್ಬಿರುವ ಬೆಂಗಳೂರಿನ ಪೂರ್ವಭಾಗ ಈ ಗೀತಗಳ ಒಂದು ಮುಖ್ಯ ನೆಲೆ. ಇದು ಆಕಸ್ಮಿಕವೇನಲ್ಲ. ೧೮೦೯ರಲ್ಲಿ ನೆಲೆಗೊಂಡ ದಂಡುಪ್ರದೇಶ ೧೯೪೯ರವರೆಗೆ ಪೇಟೆಯ ಬೆಂಗಳೂರಿನಿಂದ ಬೇರೆಯಾದ ಪುರಸಭೆಯನ್ನೇ ಪಡೆದಿತ್ತು. ಪೇಟೆಯಲ್ಲಿ ರಾಮೋತ್ಸವದ ಕಚೇರಿಗಳು ನಡೆಯುತ್ತಿದ್ದ ಕಾಲದಲ್ಲಿ ದಂಡಿನಲ್ಲಿ ಪಟಾಲಮ್ಮಿನ ಬ್ಯಾಂಡು ನುಡಿಯುತ್ತಿತ್ತು. ಇಂಥ ಬೆಂಗಳೂರಿನಲ್ಲಿ ಹುಟ್ಟಿದ ಕೊಡಗಿನ ಮನೆತನದ ಬಿದ್ದು ಎಂಬ ತರುಣ, ಅರುವತ್ತರ ದಶಕದಲ್ಲಿ 'ಟ್ರೋಜನ್ಸ್' ಎಂಬ ತಂಡದಲ್ಲಿ ಹಾಡಿ, ೧೯೬೭ರಲ್ಲಿ ಇಂಗ್ಲೆಂಡಿಗೆ ಹೋಗಿ, ೧೯೭೪ರಲ್ಲಿ 'ಕುಂಗ್ ಫೂ ಫೈಟಿಂಗ್' ಎಂಬ ಜಗತ್ಪ್ರಸಿದ್ಧ ಗೀತದ ನಿರ್ಮಾಪಕನಾದನು. ಅವನ ಗೀತಗಳಲ್ಲಿ ಕನ್ನಡವನ್ನು ಹುಡುಕುವುದು ವ್ಯರ್ಥ; ಈ ನೆಲದಿಂದ ಹೊರಟ ಹಾಡು ಲೋಕವನ್ನು ಸುತ್ತಬಲ್ಲುದೆಂಬುದಕ್ಕೆ ಮಾತ್ರ ಅವನು ಸಾಕ್ಷಿ.

ಬೈಯಪ್ಪನಹಳ್ಳಿಯ ಚರಿತ್ರೆ ಇದಕ್ಕಿಂತ ಬೇರೆ ಬಗೆಯದು. ಅದು ಹಳೆಯ ಮದರಾಸು ರಸ್ತೆಯ ಮಗ್ಗುಲಿನ ಹಳ್ಳಿ, ಆಮೇಲೆ ಎನ್‌.ಜಿ.ಇ.ಎಫ್. ವಿದ್ಯುದ್ಯಂತ್ರಗಳ ಕಾರ್ಖಾನೆಯ ಊರು. ಆ ಕಾರ್ಖಾನೆ ಈ ಶತಮಾನದ ಆರಂಭದಲ್ಲಿ ನಿಂತಿತು. ೨೦೧೧ರ ಅಕ್ಟೋಬರ್ ೨೦ರಂದು ನಮ್ಮ ಮೆಟ್ರೊ ಮೊತ್ತಮೊದಲು ಓಡಿದ್ದು ಬೈಯಪ್ಪನಹಳ್ಳಿಗೂ ಮಹಾತ್ಮಾ ಗಾಂಧಿ ರಸ್ತೆಗೂ ನಡುವೆ. ೨೦೨೨ರ ಜೂನ್ ತಿಂಗಳಿನಿಂದ ಸರ್ ಎಂ. ವಿಶ್ವೇಶ್ವರಯ್ಯ ರೈಲ್ವೆ ನಿಲ್ದಾಣವೂ ಅಲ್ಲಿಯೇ. ಹೀಗೆ ದಂಡಿನ ಇಂಗ್ಲಿಷೂ, ಕಾರ್ಖಾನೆಯ ಕನ್ನಡ ತಮಿಳು ತೆಲುಗುಗಳೂ, ಹೊಸದಾಗಿ ಬಂದಿಳಿಯುವವರ ಹಿಂದಿಯೂ ಒಂದೇ ಮೆಟ್ಟಿಲನ್ನು ಹತ್ತಿ ಇಳಿಯುವ ಜಾಗ ಇದು. ಇಂಥಲ್ಲಿ ಕಟ್ಟುವ ಹಾಡು ಯಾವ ಭಾಷೆಯದಾಗಬೇಕೆಂಬುದು ತಾನಾಗಿ ಇತ್ಯರ್ಥವಾಗುವ ಮಾತಲ್ಲ.

ಮೊದಲ ಪೀಳಿಗೆಯ ತಂಡಗಳು ಇಂಗ್ಲಿಷನ್ನೇ ಆರಿಸಿಕೊಂಡವು. ಇವುಗಳಲ್ಲಿ ದೀರ್ಘಕಾಲ ಬಾಳಿದ್ದೂ ವಿಚಾರವಂತಿಕೆಯುಳ್ಳದ್ದೂ ಆದ ತಂಡ ೧೯೯೬ರಲ್ಲಿ ಕ್ರೈಸ್ಟ್ ಕಾಲೇಜಿನ ಆವರಣದಲ್ಲಿ ಹುಟ್ಟಿದ 'ಥರ್ಮಲ್ ಅಂಡ್ ಎ ಕ್ವಾರ್ಟರ್'. ಇದರ ೨೦೧೨ರ 'ಥ್ರೀ ವೀಲ್ಸ್ ನೈನ್ ಲೈವ್ಸ್' ಎಂಬ ಸಂಗ್ರಹದಲ್ಲಿ ಬೆಂಗಳೂರಿನ ಆಟೋರಿಕ್ಷಾವನ್ನು ಕುರಿತ ಒಂದು ಗೀತವುಂಟು. ಅದರ ಹೆಸರು 'ಮೀಟರ್ ಮೇಲೆ ಒನ್ ಅಂಡ್ ಎ ಹಾಫ್'. ಇಂಗ್ಲಿಷ್ ಹಾಡುಗಾರರ ಕಿವಿಗೆ ಬೀದಿಯ ಕನ್ನಡ ತಾನೇ ಬಂದು ಬಿದ್ದಿರುವುದಕ್ಕೆ ಇದೊಂದು ಸೊಗಸಾದ ನಿದರ್ಶನ. ಇಂಗ್ಲಿಷಿನಲ್ಲಿ 'ಮೀಟರ್' ಎಂದರೆ ಛಂದಸ್ಸೆಂಬ ಅರ್ಥವೂ ಇದೆಯೆಂಬುದನ್ನು ನೆನೆದರೆ ನಮ್ಮಂಥವರಿಗೆ ಇದರ ಸ್ವಾರಸ್ಯ ಇನ್ನೂ ಒಂದೂವರೆ ಪಟ್ಟು! ಈ ಹೆಸರಿನ ಕನ್ನಡದ ಭಾಗಕ್ಕೆ ಮುಂದೆ ಮರಳಿ ಬರಬೇಕಾಗಿದೆ.

ಕನ್ನಡದ ಮಾತಿಗೆ ಈ ಪದ್ಧತಿಯಲ್ಲಿ ವಿಶಾಲವಾದ ಮನ್ನಣೆ ದೊರೆತದ್ದು ೨೦೦೮ರಲ್ಲಿ, ರಘು ದೀಕ್ಷಿತರ ಮೊದಲ ಸಂಗ್ರಹ ಪ್ರಕಟವಾದಾಗ. ಅದರಲ್ಲಿ ಹಿಂದಿ ಗೀತಗಳ ನಡುವೆ ಶಿಶುನಾಳ ಶರೀಫರ (೧೮೧೯–೧೮೮೯) 'ಗುಡುಗುಡಿಯ ಸೇದಿ ನೋಡೋ', 'ಸೋರುತಿಹುದು ಮನೆಯ ಮಾಳಿಗಿ' ಎಂಬೆರಡು ತತ್ತ್ವಪದಗಳಿದ್ದವು. ೨೦೧೩ರ 'ಜಗ್ ಚಂಗಾ' ಸಂಗ್ರಹದಲ್ಲಿ 'ಲೋಕದ ಕಾಳಜಿ', 'ಕೋಡಗನ ಕೋಳಿ ನುಂಗಿತ್ತ' ಇವೆರಡು ಸೇರಿದವು. ಗಿಟಾರು ಪಿಟೀಲುಗಳೊಡನೆ ಪಂಚೆಯುಟ್ಟು ಗೆಜ್ಜೆ ಕಟ್ಟಿ ಹಾಡುವ ಈ ತಂಡ ಕನ್ನಡವನ್ನು ಇಂಗ್ಲೆಂಡಿನ ಉತ್ಸವಗಳವರೆಗೆ ಒಯ್ದಿತು. ಕನ್ನಡವನ್ನು ಅರಿಯದ ಜನ ಶರೀಫರ ಪಲ್ಲವಿಗೆ ಕುಣಿದರು.

ಇದನ್ನು ಕಂಡು ನೊಂದುಕೊಂಡವರೂ ಉಂಟು. ಸಿ. ಅಶ್ವತ್ಥರ ಕಂಠದಲ್ಲಿ, ಮುಖ್ಯವಾಗಿ ೧೯೯೦ರ 'ಸಂತ ಶಿಶುನಾಳ ಶರೀಫ' ಚಿತ್ರದ ಮೂಲಕ, ಈ ಪದಗಳನ್ನು ಕೇಳಿ ಬೆಳೆದವರಿಗೆ ಡ್ರಮ್ಮಿನ ಪೆಟ್ಟು ಅಪಚಾರವಾಗಿ ಕಂಡಿತು. ಈ ಆಕ್ಷೇಪಣೆಯಲ್ಲಿ ಹುರುಳಿಲ್ಲ. ಅಶ್ವತ್ಥರ ಧಾಟಿಯೂ ವೇದಿಕೆಗಾಗಿಯೂ ಚಿತ್ರಕ್ಕಾಗಿಯೂ ಸಂಯೋಜಿತವಾದದ್ದೇ ಹೊರತು ಶಿಶುವಿನಹಾಳದ ಜಗಲಿಯಿಂದ ನೇರವಾಗಿ ಇಳಿದು ಬಂದದ್ದಲ್ಲ. ೧೯೭೮ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' ಧ್ವನಿಸುರುಳಿ ಹೊರಬಂದ ತರುವಾಯ ಸುಗಮ ಸಂಗೀತವೆಂಬುದು ಎಷ್ಟು ಬೇಗ ನಮಗೆ ಪರಂಪರೆಯಾಗಿಬಿಟ್ಟಿತೆಂದರೆ, ಅದು ಕೂಡ ಹೊಸತಾಗಿದ್ದ ಕಾಲವೊಂದಿತ್ತೆಂಬುದನ್ನೇ ಮರೆತಿದ್ದೇವೆ. ತತ್ತ್ವಪದವು ತಾಳ ದಮ್ಮಡಿಗಳೊಡನೆ ಹತ್ತು ಜನ ಕೂಡಿ ಹಾಡಿಕೊಂಡು ಬಂದ ಪ್ರಕಾರ. ಪೆಟ್ಟಿಗೆ ಅಂಜುವ ಜಾತಿಯದಲ್ಲ. ಕೇಳಬೇಕಾದ ಪ್ರಶ್ನೆ ಬೇರೊಂದಿದೆ. ಹತ್ತೊಂಬತ್ತನೆಯ ಶತಮಾನದ ಈ ಪದಗಳು ರಾಕ್ ತಾಳದಲ್ಲಿ ಇಷ್ಟು ಸಲೀಸಾಗಿ ಕೂಡುವುದೇಕೆ? ಇಂದಿನ ತರುಣರು ಹೊಸದಾಗಿ ಬರೆಯುವ ಕನ್ನಡ ಸಾಲುಗಳು ಅದೇ ತಾಳದಲ್ಲಿ ಮುಗ್ಗರಿಸುವುದೇಕೆ?

ಉತ್ತರಕ್ಕಾಗಿ ಸ್ವಲ್ಪ ಲೆಕ್ಕ ಹಾಕಬೇಕಾಗುತ್ತದೆ, ವಾಚಕರು ಸೈರಿಸಬೇಕು. ರಾಕ್ ಗೀತದ ಸಾಮಾನ್ಯ ಆವರ್ತಕ್ಕೆ ನಾಲ್ಕು ಪೆಟ್ಟು. ಪ್ರತಿಯೊಂದು ಪೆಟ್ಟನ್ನೂ ಎರಡಾಗಿ ಸೀಳಿದರೆ ಎಂಟು ಮನೆಗಳಾಗುತ್ತವೆ. ೧, ೩, ೫, ೭ ಇವು ಪೆಟ್ಟಿನ ಮನೆಗಳು. ೨, ೪, ೬, ೮ ಸಂದಿನ ಮನೆಗಳು. ಡ್ರಮ್ಮಿನ ಗಡುಸು ಪೆಟ್ಟು ೩ ಮತ್ತು ೭ರಲ್ಲಿ ಬೀಳುತ್ತದೆ. ಒಂದು ಮಾತ್ರೆಗೆ ಒಂದು ಮನೆಯೆಂದು ಭಾವಿಸಿದರೆ, ನಾಲ್ಕು ಮಾತ್ರೆಯ ಎರಡು ಗಣಗಳು ಈ ಆವರ್ತವನ್ನು ತುಂಬುತ್ತವೆ. ನಮ್ಮ ಮಂದಾನಿಲ ರಗಳೆಯ ಅರ್ಧ ಸಾಲು ಇದೇ ಅಳತೆಯದು. ಆದುದರಿಂದ ಈ ತಾಳವನ್ನು ಕನ್ನಡಕ್ಕೆ ತೀರ ಅಪರಿಚಿತವೆಂದು ಹೇಳುವಂತಿಲ್ಲ.

ಈಗ ಶರೀಫರ ಪದಗಳ ಹೆಸರನ್ನಷ್ಟೇ ಎಣಿಸಿ ನೋಡೋಣ. 'ಕೋಡಗನ' ಐದು ಮಾತ್ರೆ, 'ಕೋಳಿ' ಮೂರು, ಕೂಡಿ ಎಂಟು. 'ನುಂಗಿತ್ತ' ಐದು ಮಾತ್ರೆ. ಮಿಕ್ಕ ಮೂರು ಮನೆಗಳು ಉಸಿರಿಗೆ. 'ಗುಡುಗುಡಿಯ' ಐದು, 'ಸೇದಿ' ಮೂರು, ಮತ್ತೆ ಎಂಟು. 'ನೋಡೋ' ನಾಲ್ಕು, ಉಳಿದ ನಾಲ್ಕು ಬಿಡುವು. ಎರಡು ಪದಗಳಲ್ಲಿಯೂ ಐದು ಮೂರರ ಒಂದೇ ಕಟ್ಟು ಕಾಣುತ್ತದೆ. ಇದರ ಪರಿಣಾಮವನ್ನು ಗಮನಿಸಬೇಕು. ಮೊದಲನೆಯ ಮಾತು ಅರ್ಧ ಆವರ್ತವನ್ನು ಒಂದು ಮಾತ್ರೆಯಷ್ಟು ಮೀರಿ ನಡೆಯುತ್ತದೆ. ಎರಡನೆಯ ಮಾತಿನ ಗುರು, ಎಂದರೆ 'ಕೋ' ಅಥವಾ 'ಸೇ', ಆರನೆಯ ಮನೆಯಲ್ಲಿ, ಎರಡು ಪೆಟ್ಟುಗಳ ಸಂದಿನಲ್ಲಿ ಹುಟ್ಟುತ್ತದೆ. ಮುಂದಿನ ಆವರ್ತದ ಮೊದಲ ಪೆಟ್ಟಿಗೆ ಮಾತು ಮರಳಿ ಮನೆ ಸೇರುತ್ತದೆ. ಒಮ್ಮೆ ತಪ್ಪಿಸಿಕೊಂಡು ಒಮ್ಮೆ ಸಿಕ್ಕುವ ಈ ಆಟವೇ ಕೇಳುವವನ ಕಾಲನ್ನು ಕುಣಿಸುವುದು. 'ಲೋಕದ ಕಾಳಜಿ' ಮಾತ್ರ ನಾಲ್ಕು ನಾಲ್ಕರ ಚೌಕ ನಡೆ. ಅದರ ಪದಗಳೆರಡೂ ನೇರವಾಗಿ ಪೆಟ್ಟಿನ ಮನೆಯಿಂದಲೇ ಹೊರಡುತ್ತವೆ. 'ಸೋರುತಿಹುದು ಮನೆಯ ಮಾಳಿಗಿ' ಇವೆಲ್ಲಕ್ಕಿಂತ ಬೇರೆ. ಸೋರು, ತಿಹುದು, ಮನೆಯ ಎಂದು ಮೂರು ಮೂರು ಮಾತ್ರೆಯ ನಡಿಗೆ ಅದರದು. ಅದನ್ನು ನಾಲ್ಕು ಪೆಟ್ಟಿಗೆ ತರುವವನು ಪ್ರತಿ ಪೆಟ್ಟನ್ನೂ ಮೂರಾಗಿ ಸೀಳಬೇಕು, ಇಲ್ಲವೆ ಅಕ್ಷರಗಳನ್ನು ಎಳೆಯಬೇಕು. ಸೋರುವ ಮಾಳಿಗೆಯ ಹಾಡಿಗೆ ಈ ಎಳೆತ ಒಪ್ಪುತ್ತದೆಂಬುದು ನಿಜ. ಇದೆಲ್ಲ ಓದಿನ ಲೆಕ್ಕವೆಂಬುದನ್ನೂ, ಹಾಡುವವನಿಗೆ ಹಿಗ್ಗಿಸುವ ಕುಗ್ಗಿಸುವ ಸ್ವಾತಂತ್ರ್ಯವುಂಟೆಂಬುದನ್ನೂ ಒಪ್ಪಬೇಕು. ಆದರೂ ಮಾತಿನ ಒಳಗೇ ನಡಿಗೆಯಿದ್ದರೆ ಗಾಯಕನ ಕೆಲಸ ಅರ್ಧ ಮುಗಿದಂತೆಯೇ.

ಇನ್ನು ಹೊಸ ಗೀತಗಳ ವಿಷಯ. ಇವುಗಳ ರಚನೆಕಾರರು ಎದುರಿಸುವ ತೊಡಕನ್ನು ಒಂದೇ ಕ್ರಿಯಾಪದದಿಂದ ತೋರಿಸಬಹುದಾಗಿದೆ. 'ಬರುತ್ತಿದ್ದೇನೆ' ಎಂಬ ಗ್ರಾಂಥಿಕ ರೂಪಕ್ಕೆ ಎಂಟು ಮಾತ್ರೆ: ಒಂದು, ಎರಡು, ಎರಡು, ಎರಡು, ಒಂದು. ಲೆಕ್ಕಕ್ಕೆ ಆವರ್ತ ಸರಿಯಾಗಿ ತುಂಬಿತು. ಆದರೆ ಅದರ ಮೂರು ಗುರುಗಳೂ ೨, ೪, ೬ನೆಯ ಮನೆಗಳಲ್ಲಿ, ಎಲ್ಲವೂ ಸಂದಿನಲ್ಲಿಯೇ ಹುಟ್ಟುತ್ತವೆ. ಪೆಟ್ಟು ಒಂದು ದಾರಿ, ಮಾತು ಒಂದು ದಾರಿ. ಶರೀಫರಲ್ಲಿ ಒಂದು ಸಲ ತಪ್ಪಿ ಮರಳುವ ಮಾತು ಇಲ್ಲಿ ಆವರ್ತವಿಡೀ ತಪ್ಪಿಯೇ ಇರುತ್ತದೆ. ಬೆಂಗಳೂರು ಮೈಸೂರುಗಳ ಆಡುಮಾತಿನ 'ಬರ್ತಿದ್ದೀನಿ' ಎಂಬುದನ್ನು ತೆಗೆದುಕೊಳ್ಳಿ: ಎರಡು, ಎರಡು, ಎರಡು, ಒಂದು, ಕೊನೆಯದನ್ನು ಕೊಂಚ ಎಳೆದರೆ ಎಂಟು. ನಾಲ್ಕು ಅಕ್ಷರಗಳೂ ನಾಲ್ಕು ಪೆಟ್ಟಿನ ಮೇಲೆ ನೆಟ್ಟಗೆ ಬೀಳುತ್ತವೆ. ಮೇಲೆ ಹೇಳಿದ 'ಮೀಟರ್ ಮೇಲೆ' ಎಂಬುದರ ಕಟ್ಟೂ ಅಕ್ಷರಶಃ ಇದೇ. ರಿಕ್ಷಾ ಚಾಲಕನ ಮಾತು ಇಂಗ್ಲಿಷ್ ತಂಡದ ಹಾಡಿಗೆ ಪ್ರಯಾಸವಿಲ್ಲದೆ ನುಗ್ಗಿದ್ದರ ಕಾರಣ ಇಲ್ಲಿರಬಹುದು. ಧಾರವಾಡದ ಕಡೆಯ 'ಬರಾಕತ್ತೀನಿ' ಮಾತ್ರ ಗ್ರಾಂಥಿಕ ರೂಪದ ಹಾಗೆಯೇ ಸಂದಿನಲ್ಲಿ ನಡೆಯುತ್ತದೆ. ಆ ಸೀಮೆಯ ಮಾತಿನಲ್ಲಿ ಹುಟ್ಟಿದ ಪದಗಳಿಗೆ ತೂಗಾಟ ಸಹಜವೆಂಬುದಕ್ಕೆ ಇದು ಒಂದು ಸೂಚನೆ.

ಬೈಯಪ್ಪನಹಳ್ಳಿಯ ಹೆಸರಿಗೇ ಈ ಪರೀಕ್ಷೆಯನ್ನು ಮಾಡಬಹುದು. ಫಲಕದ ಮೇಲೆ ಬರೆದಂತೆ ಎಣಿಸಿದರೆ ಒಂಬತ್ತು ಮಾತ್ರೆ. ಆವರ್ತಕ್ಕೆ ಒಂದು ಹೆಚ್ಚು. ಜನರ ಬಾಯಲ್ಲಿ ಅದು 'ಬೈಯಪ್ನಳ್ಳಿ'. ಎರಡು, ಎರಡು, ಎರಡು, ಒಂದು. ಊರವರು ತಮಗರಿಯದೆಯೇ ತಮ್ಮ ಊರನ್ನು ನಾಲ್ಕು ಪೆಟ್ಟಿಗೆ ಒಗ್ಗಿಸಿಕೊಂಡಿರುವರು.

ಹಾಗಾದರೆ ಆಡುಮಾತಿನಲ್ಲಿಯೇ ಬರೆದರೆ ಸಾಕಲ್ಲವೆ ಎಂದು ಕೇಳಬಹುದು. ಸಾಲದು. ಪ್ರತಿ ಅಕ್ಷರವೂ ಪೆಟ್ಟಿನ ಮೇಲೆಯೇ ಬಿದ್ದರೆ ಹಾಡು ಮಕ್ಕಳ ಕವಾಯತಿನಂತಾಗುತ್ತದೆ. ಹೊಸ ಗೀತಗಳಲ್ಲಿ ಹಲವು ಈ ಎರಡು ಅತಿಗಳ ನಡುವೆ ತೊಳಲುತ್ತಿವೆ. ಕವಿತ್ವ ಬರಲೆಂದು ಗ್ರಾಂಥಿಕ ರೂಪಗಳನ್ನು ಹಿಡಿದವರು ಅವನ್ನು ಪೆಟ್ಟಿಗೆ ಹೊಂದಿಸಲು ಹ್ರಸ್ವಗಳನ್ನು ಎಳೆಯುತ್ತಾರೆ. ಎಳೆದೊಡನೆ ಮಾತು ಕೆಡುತ್ತದೆ. ಇಂಗ್ಲಿಷಿನಲ್ಲಿ ಸ್ವರವನ್ನು ಎಳೆದರೆ ಭಾವ ಹೆಚ್ಚಬಹುದು, ಅರ್ಥ ಸಾಮಾನ್ಯವಾಗಿ ಉಳಿಯುತ್ತದೆ. ಕನ್ನಡದಲ್ಲಿ 'ಬಿಡು' ಎಳೆದರೆ 'ಬೀಡು', 'ಮಲೆ' ಎಳೆದರೆ 'ಮಾಲೆ'. ಪ್ರೇಯಸಿಯನ್ನು ಕುರಿತು 'ಕೊಡು, ಕೊಡು' ಎಂದು ಆರ್ತನಾಗಿ ಬೇಡುವ ಗಾಯಕ ಮೊದಲಕ್ಷರದ ಮೇಲೆ ನಿಂತನೆಂದರೆ ಅವಳಿಂದ ಬೇಡುತ್ತಿರುವುದು ಕೋಡನ್ನು! ಸುಗಮ ಸಂಗೀತದವರು ಈ ಅಪಾಯವನ್ನು ಅರಿತು, ಎಳೆಯುವುದಿದ್ದರೆ ಮಾತಿನ ಕೊನೆಯ ಸ್ವರವನ್ನು ಎಳೆಯುವ ಜಾಣ್ಮೆಯನ್ನು ಬೆಳೆಸಿಕೊಂಡಿದ್ದರು. ೨೦೦೫ರಲ್ಲಿ ಅರಮನೆಯ ಮೈದಾನದಲ್ಲಿ ನಡೆದ ಅಶ್ವತ್ಥರ 'ಕನ್ನಡವೇ ಸತ್ಯ' ಕಾರ್ಯಕ್ರಮದಲ್ಲಿ ಅಷ್ಟು ದೊಡ್ಡ ಜನಸ್ತೋಮ ಕವಿತೆಗಳಿಗೆ ಕಿವಿಗೊಟ್ಟು ನಿಂತದ್ದರಲ್ಲಿ ಕಂಠಶ್ರೀಗಿರುವಷ್ಟೇ ಪಾಲು ಈ ಉಚ್ಚಾರಣೆಯ ನಿಷ್ಠೆಗೂ ಇದೆ. ಗಿಟಾರು ಹಿಡಿದ ತರುಣರು ಅಶ್ವತ್ಥರಿಂದ ಧಾಟಿಯನ್ನು ಕಲಿಯದಿದ್ದರೆ ನಷ್ಟವಿಲ್ಲ, ಇದನ್ನು ಕಲಿಯಬೇಕು.

ಬಿ. ಎಂ. ಶ್ರೀಕಂಠಯ್ಯನವರ 'ಇಂಗ್ಲಿಷ್ ಗೀತಗಳು' (೧೯೨೬) ಈ ಸಂದರ್ಭದಲ್ಲಿ ನೆನಪಿಗೆ ಬರುವುದು ಸ್ವಾಭಾವಿಕ. ಅವರ ಮುಂದಿದ್ದ ಸಮಸ್ಯೆಯೂ ಸ್ವರಭಾರವನ್ನು ನೆಚ್ಚಿದ ಇಂಗ್ಲಿಷ್ ಭಾವಗೀತದ ಲಯವನ್ನು ಮಾತ್ರೆಯನ್ನು ನೆಚ್ಚಿದ ಕನ್ನಡಕ್ಕೆ ತರುವುದೇ ಆಗಿತ್ತು. ಅವರು ಇಂಗ್ಲಿಷಿನ ಪೆಟ್ಟನ್ನು ಅನುಕರಿಸಲು ಹೋಗಲಿಲ್ಲ. ಮೂರು, ನಾಲ್ಕು, ಐದು ಮಾತ್ರೆಯ ಗಣಗಳನ್ನು ಹೊಸ ರೀತಿಯಲ್ಲಿ ಜೋಡಿಸಿ ಅದಕ್ಕೆ ಸಮಾನವಾದುದನ್ನು ಕಟ್ಟಿದರು. ಅಂಥ ಕಿವಿ ರಾಕ್ ಗೀತದ ರಚನೆಗೆ ಇನ್ನೂ ಒದಗಿಲ್ಲವೆಂಬುದು ಈ ಲೇಖಕನ ಅಭಿಪ್ರಾಯ. ಈ ಕೊರತೆಯನ್ನು ಮರೆಮಾಡುವುದಕ್ಕೆ ಶರೀಫರು ಸುಲಭವಾಗಿ ಸಿಕ್ಕಿದ್ದಾರೆ. ಶರೀಫರ ಪದವನ್ನು ಹಾಡುವುದರಲ್ಲಿ ತಪ್ಪಿಲ್ಲ. ಕೇಳುಗರು ಒಲಿಯುವುದು ಖಂಡಿತವೆಂಬ ಕಾರಣಕ್ಕೆ ಪ್ರತಿಯೊಂದು ಹೊಸ ತಂಡವೂ ಅದನ್ನೇ ಎತ್ತಿಕೊಂಡರೆ, ಬೈಯಪ್ಪನಹಳ್ಳಿಯಲ್ಲಿ ರೈಲು ಹತ್ತುವ ಹುಡುಗನ ಒಂಟಿತನವನ್ನೂ ಬಾಡಿಗೆಯ ಚಿಂತೆಯನ್ನೂ ಪ್ರೇಮವನ್ನೂ ಕನ್ನಡದಲ್ಲಿ ಹಾಡುವವರು ಯಾರು? ಆ ಹುಡುಗ ತನ್ನ ದುಃಖಕ್ಕೆ ಹಿಂದಿಯನ್ನೋ ಇಂಗ್ಲಿಷನ್ನೋ ಹುಡುಕಿಕೊಂಡು, ಕನ್ನಡವನ್ನು ವೇದಾಂತಕ್ಕೆ ಮೀಸಲಾಗಿಡುವನು.

ಇದು ಬರಿಯ ಊಹೆಯಲ್ಲ. ರಘು ದೀಕ್ಷಿತರ ಮೊದಲ ಸಂಗ್ರಹದಲ್ಲಿಯೇ ಈ ಹಂಚಿಕೆ ಇದೆ: 'ಅಂಬರ್', 'ಖಿಡಕಿ' ಮೊದಲಾದ ಸ್ವಂತ ಗೀತಗಳು ಹಿಂದಿಯಲ್ಲಿ, ಕನ್ನಡದ ಪಾಲಿಗೆ ಶರೀಫರು. ಅವರ ಸೋದರ ವಾಸು ದೀಕ್ಷಿತರ 'ಸ್ವರಾತ್ಮ' ತಂಡ ೨೦೦೯ರಲ್ಲಿ ಹೊರತಂದ ಮೊದಲ ಸಂಗ್ರಹದಲ್ಲಿಯೂ ಹಿಂದಿಯದೇ ಮೇಲುಗೈ. ಆದರೆ ಅಲ್ಲಿ 'ಈ ಭೂಮಿ' ಎಂಬ ಕನ್ನಡ ಗೀತವೊಂದು ಉಂಟೆಂಬುದು ಗಮನಾರ್ಹ; ಹಳೆಯ ಸಂತರ ಹೆಸರಿಲ್ಲದೆ ಕನ್ನಡ ಆ ಸಾಲಿನಲ್ಲಿ ನಿಂತಿರುವುದರಿಂದಲೇ ಅದಕ್ಕೆ ನಮ್ಮ ಚರ್ಚೆಯಲ್ಲಿ ಅದರ ಗಾತ್ರಕ್ಕೆ ಮೀರಿದ ಬೆಲೆ. ಬೆಂಗಳೂರಿನದೇ ಆದ 'ಪರ್ವಾಜ್' ತಂಡ ೨೦೧೪ರ 'ಬಾರಾನ್' ಮೊದಲಾದ ಸಂಗ್ರಹಗಳಲ್ಲಿ ಉರ್ದು ಮತ್ತು ಕಾಶ್ಮೀರಿಗಳಲ್ಲಿ ಹಾಡಿದೆ. ಮಾರುಕಟ್ಟೆಯ ದೃಷ್ಟಿಯಿಂದ ಕಾಶ್ಮೀರಿಗೆ ಬೆಂಗಳೂರಿನಲ್ಲಿ ಏನು ಗಿರಾಕಿ? ಗಾಯಕನ ಮನೆಯ ಮಾತೆಂಬುದೇ ಅಲ್ಲಿಯ ಸಮರ್ಥನೆ, ಅದು ಸಾಕಾಗಿದೆ. ಉರ್ದುವಿನ ಛಂದಸ್ಸೂ ಕನ್ನಡದಂತೆ ಹ್ರಸ್ವ ದೀರ್ಘಗಳನ್ನೇ ಅವಲಂಬಿಸಿದ್ದು; ಆದುದರಿಂದ ನಮ್ಮ ಭಾಷೆಯ ಗುಣವೇ ರಾಕ್ ಗೀತಕ್ಕೆ ಒಗ್ಗದೆಂಬ ವಾದ ನಿಲ್ಲಲಾರದು.

ರ‍್ಯಾಪ್ ಎಂಬ ಪ್ರಕಾರದಲ್ಲಿ ಕನ್ನಡ ಹೆಚ್ಚು ಧೈರ್ಯದಿಂದ ಮುನ್ನಡೆದಿದೆ. ಆಲ್ ಓಕೆ ಎಂಬ ಹೆಸರಿನ ಅಲೋಕ್, ಎಂ.ಸಿ. ಬಿಜ್ಜು ಮುಂತಾದವರು ಬೀದಿಯ ಮಾತನ್ನು ಇದ್ದಂತೆ ಎತ್ತಿಕೊಂಡರು. ಆದರೆ ಅಲ್ಲಿ ಸ್ವರವನ್ನು ಎಳೆಯುವ ಪ್ರಸಂಗವೇ ವಿರಳ. ಆದುದರಿಂದ 'ಕೊಡು' 'ಕೋಡು'ಗಳ ಗೊಂದಲವೂ ಇಲ್ಲ. ರಾಗವುಳ್ಳ ಹಾಡಿನ ಸಮಸ್ಯೆಯನ್ನು ಅವರು ಬಿಡಿಸಿಲ್ಲ, ಬಳಸಿಕೊಂಡು ದಾಟಿದ್ದಾರೆ.

ಹಾಡು ಕೇಳುವ ಜಾಗಗಳ ಮಾತನ್ನು ಇಲ್ಲಿಯೇ ಹೇಳಿಬಿಡುವುದು ಲೇಸು. ಇಂದಿರಾನಗರದ 'ಹಮ್ಮಿಂಗ್ ಟ್ರೀ' ೨೦೧೩ರಿಂದ ೨೦೧೯ರವರೆಗೆ ಹೊಸ ತಂಡಗಳಿಗೆ ವೇದಿಕೆಯಾಗಿತ್ತು. ಸಾರ್ವಜನಿಕ ಮನರಂಜನೆಯ ಸ್ಥಳಗಳ ಪರವಾನಗಿಯನ್ನು ಕುರಿತ ೨೦೦೫ರ ಆಜ್ಞೆಯನ್ನು ಸರ್ವೋಚ್ಚ ನ್ಯಾಯಾಲಯ ೨೦೧೮ರ ಜನವರಿಯಲ್ಲಿ ಎತ್ತಿಹಿಡಿದ ಮೇಲೆ ಆ ವರ್ಷ ನಗರದ ಅನೇಕ ಉಪಾಹಾರ ಪಾನಗೃಹಗಳಲ್ಲಿ ಹಾಡು ನಿಂತಿತು. ನಿದ್ದೆಗೆಟ್ಟ ನೆರೆಹೊರೆಯವರ ದೂರು ಸುಳ್ಳಲ್ಲ. ಆದರೆ ಹಾಡಿನ ಮಾತು ತಿದ್ದಿಕೊಳ್ಳುವುದು ಎದುರಿನ ಮುಖಗಳನ್ನು ನೋಡಿ. ಅರ್ಥವಾಗದ ಸಾಲಿಗೆ ಹುಬ್ಬು ಗಂಟಿಕ್ಕುವ ಕೇಳುಗನು ದೂರವಾಣಿಯಲ್ಲಿ ಕಿವಿಗೆ ಗುಂಡಿ ಸಿಕ್ಕಿಸಿಕೊಂಡು ಕೇಳುವಾಗ ಗಾಯಕನಿಗೆ ಕಾಣುವುದಿಲ್ಲ.

ಕೊನೆಯದಾಗಿ ಪ್ರಾಸದ ವಿಚಾರ. ಇಂಗ್ಲಿಷ್ ಗೀತವನ್ನು ಅನುಸರಿಸಿ ನಮ್ಮ ತರುಣರು ಅಂತ್ಯಪ್ರಾಸಕ್ಕೆ ಜೋತುಬಿದ್ದಿರುವರು. ಕ್ರಿಯಾಪದ ಕೊನೆಗೆ ಬರುವ ಕನ್ನಡದಲ್ಲಿ ಅಂತ್ಯಪ್ರಾಸ ಅತ್ಯಂತ ಅಗ್ಗದ ಸರಕು. 'ಇದೆ' 'ಆಗಿದೆ' 'ಹೋಗಿದೆ' ಎಂದು ಎಷ್ಟು ಬೇಕಾದರೂ ಸುರಿಯಬಹುದು, ಕೇಳುವವನಿಗೆ ಯಾವ ಬೆರಗೂ ಇಲ್ಲ. ಅದಲ್ಲದೆ ಸಾಲಿನ ತುದಿ ಬಹುವೇಳೆ ಗಿಟಾರಿನ ನಾದದಲ್ಲಿ ಮುಳುಗಿಹೋಗುತ್ತದೆ. ಸ್ಪಷ್ಟವಾಗಿ ಕಿವಿಗೆ ಬೀಳುವುದು ಮೊದಲ ಪೆಟ್ಟಿನೊಡನೆ ಹುಟ್ಟುವ ಮೊದಲ ಮಾತು. ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸವನ್ನಿಟ್ಟ ನಮ್ಮ ಹಳೆಯ ಕವಿಗಳ ಕಟ್ಟಳೆಗೆ ಇಲ್ಲಿ ಅನಿರೀಕ್ಷಿತವಾದ ಉಪಯೋಗ ಒದಗುವಂತಿದೆ. ಮಂಜೇಶ್ವರದ ಗೋವಿಂದ ಪೈಗಳು ಆ ಪ್ರಾಸವನ್ನು ತೊರೆದದ್ದು ಕವಿಯ ಕೈಕಟ್ಟನ್ನು ಬಿಡಿಸಲೆಂದು, ಅದೂ ಓದುವ ಕವಿತೆಯಲ್ಲಿ. ಡ್ರಮ್ಮಿನ ಮುಂದೆ ನಿಂತು ಹಾಡುವವನಿಗೆ ಅದೇ ಪ್ರಾಸ, ಗದ್ದಲದ ನಡುವೆ ಪ್ರತಿ ಸಾಲಿನ ಬಾಗಿಲನ್ನು ಗುರುತಿಸಲು ಒಂದು ಹಿಡಿಕೆಯಾಗಬಲ್ಲುದು. ನಾಲ್ಕು ಸಾಲಿನ ಒಂದು ಪಲ್ಲವಿಯನ್ನು ಒಮ್ಮೆ ಆದಿಪ್ರಾಸದಿಂದಲೂ ಇನ್ನೊಮ್ಮೆ ಅಂತ್ಯಪ್ರಾಸದಿಂದಲೂ ಕಟ್ಟಿ, ಎರಡನ್ನೂ ಪೂರ್ಣ ವಾದ್ಯಮೇಳದೊಡನೆ ಹಾಡಿಸಿ, ಯಾವುದರ ಮಾತು ಕೊನೆಯ ಸಾಲಿನ ಬೆಂಚಿಗೆ ತಲಪಿತೆಂದು ಕೇಳಿ ಬರೆದುಕೊಳ್ಳುವುದು ನಮ್ಮ ಕಾಲೇಜುಗಳ ಕನ್ನಡ ಸಂಘಗಳಿಗೆ ಒಂದು ಸಂಜೆಯ ಕೆಲಸ.